ಫುಟ್‌ಪಾತಿನ ಕೆಳಗಿನ ಸಂಪು

ನಮ್ಮ ರಸ್ತೆಯ ಕೆಳಗೆ ಕೇಬಲ್ ಹಾಕಲು ಬಂದ ಕಂಪನಿಯ ವಿರುದ್ಧ ತಕರಾರು ಅರ್ಜಿ ಬರೆದವಳು ನಾನೇ. ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಹಾಗಾಗಿ ಬೀದಿಯಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ನನ್ನ ಗೇಟಿಗೆ ಬರುತ್ತಾರೆ. ಬೇರೆ ಯಾವುದಕ್ಕೂ ಬರುವುದಿಲ್ಲ, ಅದು ಬೇರೆ ಮಾತು. 'ಸಾರ್ವಜನಿಕ ರಸ್ತೆಯ ಅಡಿಯ ಜಾಗವನ್ನು ಖಾಸಗಿಯವರು ತಮ್ಮ ಅನುಕೂಲಕ್ಕೆ ಬಳಸಿಕೊಳ್ಳುವುದನ್ನು ನಾವು ತೀವ್ರವಾಗಿ ಖಂಡಿಸುತ್ತೇವೆ' ಎಂದು ಶುರು ಮಾಡಿದ್ದೆ. ಮೂಲೆಮನೆಯ ಯಜಮಾನರು ಅದನ್ನು ರಸ್ತೆಯಲ್ಲೇ ನಿಂತು ಗಟ್ಟಿಯಾಗಿ ಓದಿದರು. "ಸಖತ್ತಾಗಿ ಬರ್ದಿದೀರ ಮೇಡಂ, ಒಂದಕ್ಷರ ಮುಟ್ಟೋ ಹಾಗಿಲ್ಲ" ಅಂದರು. ಎಲ್ಲ ಮನೆಯವರೂ ಸಾಲಾಗಿ ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಮುಕ್ಕಾಲು ಪಾಲು ಜನರ ನೀರಿನ ಸಂಪು ಅದೇ ಸಾರ್ವಜನಿಕ ರಸ್ತೆಯ ಅಡಿಯಲ್ಲಿತ್ತು. ನನ್ನದೂ ಇತ್ತು.

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಬನಶಂಕರಿಯ ಈ ಭಾಗದಲ್ಲಿ ಸೈಟುಗಳೆಲ್ಲ ಇಪ್ಪತ್ತಕ್ಕೆ ಮೂವತ್ತು. ಮನೆ ಕಟ್ಟಿದ ಮೇಲೆ ತುಳಸಿ ಕುಂಡ ಇಡುವಷ್ಟು ಜಾಗ ಮಿಕ್ಕರೆ ಪುಣ್ಯ. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಮನಸ್ಸು ಬಂದರೆ ಬರುತ್ತದೆ. ಹಾಗಾಗಿ ಅಪ್ಪ ಒಂದು ಭಾನುವಾರ ಮೇಸ್ತ್ರಿಯನ್ನು ಕರೆಸಿ, ಗೇಟಿನ ಒಳಗೆ ಬಾಯಿ ಇಟ್ಟು, ಫುಟ್‌ಪಾತಿನ ಕೆಳಗೆ ಹೊಟ್ಟೆ ಬಿಟ್ಟು ಸಂಪು ಕಟ್ಟಿಸಿದರು. ಮುಂಬಾಗಿಲ ಮೆಟ್ಟಿಲಿಗೆ ಹಾಕಿಸಿ ಮಿಕ್ಕಿದ್ದ ಟೈಲ್ಸನ್ನೇ ಸಂಪಿನ ಒಳಗೋಡೆಗೂ ಮೆತ್ತಿಸಿದರು. ಕಡುಹಸಿರು ಬಣ್ಣ, ಮಧ್ಯೆ ಬಿಳಿ ಹೂವು. "ನೀರಿಗೂ ಒಂದು ಚೆಂದ ಬೇಡ್ವೇನಮ್ಮ" ಅಂದಿದ್ದರು. ಮೇಲೆ ಫುಟ್‌ಪಾತಿನ ಚಪ್ಪಡಿಗಳನ್ನು ಮೊದಲಿನಂತೆ ಕೂರಿಸಿದ ಮೇಲೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಅಕ್ಕಪಕ್ಕದವರೂ ಇದನ್ನೇ ಮಾಡಿದ್ದರು. ನಮ್ಮ ಬೀದಿಯಲ್ಲಿ ಸಂಪು ಎಲ್ಲಿದೆ ಎಂದು ಒಬ್ಬರನ್ನೊಬ್ಬರು ಕೇಳುವ ಪದ್ಧತಿ ಇಲ್ಲ. ಹೊರಗಿನವರು ಕೇಳಿದರೆ 'ಒಳಗಿದೆ' ಅನ್ನಬೇಕು. ಮಕ್ಕಳಿಗೂ ಅದು ಗೊತ್ತಿತ್ತು.

ಅರ್ಜಿಯಿಂದ ಏನೂ ಆಗಲಿಲ್ಲ. ಪಾಲಿಕೆಯವರು ಕಂಪನಿಗೆ ಮೊದಲೇ ಅನುಮತಿ ಕೊಟ್ಟಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಬೀದಿಯ ಆ ತುದಿಯಲ್ಲಿ ಹಳದಿ ಬಣ್ಣದ ಯಂತ್ರವೊಂದು ಬಂದು ನಿಂತಿತು. ಕಿತ್ತಳೆ ಬಣ್ಣದ ಪೈಪಿನ ದೊಡ್ಡ ದೊಡ್ಡ ಸುರುಳಿಗಳನ್ನು ಪಾರ್ಕಿನ ಬೇಲಿಗೆ ಒರಗಿಸಿದರು. ಈಗ ಮೊದಲಿನ ಹಾಗೆ ರಸ್ತೆಯುದ್ದ ಅಗೆಯುವುದಿಲ್ಲ. ಈ ಕಡೆ ಒಂದು ಗುಂಡಿ, ಆ ಕಡೆ ಒಂದು ಗುಂಡಿ ತೋಡಿ, ನಡುವೆ ನೆಲದೊಳಗೇ ಕೊರೆದುಕೊಂಡು ಹೋಗುತ್ತಾರೆ. ಕೊರೆಯುವ ಮೊನೆ ನೆಲದಡಿ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ತಿಳಿಯಲು ಒಬ್ಬರು ಕೈಯಲ್ಲಿ ಟ್ರ್ಯಾಕರ್ ಹಿಡಿದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಅದರ ಬೀಪ್ ಬೀಪ್ ಕೇಳುತ್ತ ರಸ್ತೆಯ ಮೇಲೆ ನಡೆಯಬೇಕು. ನಡೆದಲ್ಲೆಲ್ಲ ಬಣ್ಣದಲ್ಲಿ ಗೆರೆ ಎಳೆಯಬೇಕು. ಎಲ್ಲಿ ಕೊರೆಯಬಹುದು, ಎಲ್ಲಿ ಕೂಡದು ಎಂದು ಮನೆಮನೆಗೆ ಹೋಗಿ ವಿಚಾರಿಸಿ ಗುರುತು ಮಾಡುವವರೂ ಅವರೇ.

ನಮ್ಮ ಬೀದಿಗೆ ಬಂದವರಿಗೆ ನಲವತ್ತರ ಮೇಲೆ ವಯಸ್ಸು. ಕಿವಿಯ ಹತ್ತಿರ ಕೂದಲು ನೆರೆತಿತ್ತು. ಓದುವ ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಗೇಟಿನ ಹೊರಗೇ ಚಪ್ಪಲಿ ಬಿಟ್ಟು ನಿಂತು ಕೇಳಿದರು.

"ನಿಮ್ಮನಿ ಸಂಪ ಎಲ್ಲೈತ್ರೀ ಅಕ್ಕಾರ?"

"ಒಳಗಿದೆ."

"ಒಳಗ ಅಂದ್ರ ಪೂರಾ ಒಳಗನ? ಹೊರಗೇನೂ ಚಾಚಿಲ್ಲಲ್ರೀ?"

"ಇಲ್ಲಾರೀ, ಪೂರ್ತಿ ಒಳಗೇ ಇದೆ. ನೋಡಿ, ಅಲ್ಲೇ ಮುಚ್ಚಳ ಕಾಣಲ್ವಾ?"

ಅವರು ಮುಚ್ಚಳ ನೋಡಿದರು. ಹಾಳೆಯಲ್ಲಿ ಬರೆದುಕೊಂಡರು. ಹೋಗುವ ಮುನ್ನ ತಿರುಗಿ, "ಊಟಾ ಆತೇನ್ರೀ?" ಅಂದರು.

ಹನ್ನೊಂದು ಗಂಟೆಗೆ ಅಪರಿಚಿತರೊಬ್ಬರು ಹೀಗೆ ಕೇಳಿದರೆ ಏನು ಹೇಳುವುದು? ನಾನು "ಹೂಂ" ಅಂದೆ. ಆಗಿರಲಿಲ್ಲ. ಒಳಗೆ ಬಂದು ಮೇಜಿನ ಮುಂದೆ ಕೂತ ಮೇಲೆ, ಈ ಪ್ರಶ್ನೆಯನ್ನು ನನಗೆ ಕೊನೆಯ ಬಾರಿ ಯಾರು ಕೇಳಿದ್ದು ಎಂದು ಯೋಚಿಸಿದೆ. ಅಮ್ಮ ಕೇಳುತ್ತಿದ್ದಳು. ಅಮ್ಮ ಹೋಗಿ ಆರು ವರ್ಷವಾಗಿತ್ತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಸುಸ್ತಾಗಿ ಬಿಟ್ಟಿದ್ದಾರೆ. ಪ್ರೆಸ್ಸಿನವರು ಮೊದಲು ಕರಡು ಹಿಡಿದು ಮನೆಗೆ ಬರುತ್ತಿದ್ದರು, ಕಾಫಿ ಕುಡಿದು ಪ್ರೆಸ್ಸಿನ ಸುದ್ದಿ ಹೇಳಿ ಹೋಗುತ್ತಿದ್ದರು. ಈಗ ಫೈಲ್ ಕಳಿಸುತ್ತಾರೆ, ನಾನು ತಿದ್ದಿ ವಾಪಸ್ ಕಳಿಸುತ್ತೇನೆ, ಅವರು ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ವಾರಗಟ್ಟಲೆ ನನ್ನ ಗಂಟಲಿಗೆ ಕೆಲಸವಿರುವುದಿಲ್ಲ. ಒಮ್ಮೆ ಗ್ಯಾಸ್ ತಂದವನ ಹತ್ತಿರ ಮಾತಾಡಲು ಹೋಗಿ ದನಿಯೇ ಹೊರಡದೆ ಕೆಮ್ಮಿ ಸರಿಮಾಡಿಕೊಂಡಿದ್ದೆ.

ಮರುದಿನ ಅವರು ನಮ್ಮ ಮನೆಯ ಎದುರಿನ ಹೊಂಗೆ ಮರದ ನೆರಳಲ್ಲಿ ಡಬ್ಬಿ ಬಿಚ್ಚಿ ನಿಂತೇ ಊಟ ಮಾಡುತ್ತಿದ್ದರು. ಕೂರಲು ಜಾಗವಿರಲಿಲ್ಲ. ನಾನು ಕಿಟಕಿಯಿಂದಲೇ, "ಮೆಟ್ಟಿಲ ಮೇಲೆ ಕೂತ್ಕೊಳ್ಳಿ, ಪರವಾಗಿಲ್ಲ" ಅಂದೆ. ನೀರು ಕೊಟ್ಟೆ. ಅದರ ಮರುದಿನ ನೀರಿನ ಜೊತೆ ಮಜ್ಜಿಗೆ ಕೊಟ್ಟೆ. ನಾಲ್ಕನೆಯ ದಿನ ನಾನೇ ಗಡಿಯಾರ ನೋಡಲು ಶುರು ಮಾಡಿದ್ದೆ. ಒಂದೂಕಾಲಿಗೆ ಬರುತ್ತಿದ್ದರು. ಒಂದೂವರೆ ಆದರೆ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಬೇಡಿ.

ಅವರು ಬಾದಾಮಿ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಇನ್ನೂ ಮೂವರ ಜೊತೆ ಒಂದು ರೂಮಿನಲ್ಲಿದ್ದರು. ಮೂವರೂ ಬೇರೆ ಬೇರೆ ಹೊತ್ತಿನ ಡ್ಯೂಟಿಯವರು. "ಒಬ್ಬಂವ ಮಲಗಿದಾಗ ಇನ್ನೊಬ್ಬಂವ ಏಳ್ತಾನ್ರೀ. ಒಂದ ರೂಮಿನ್ಯಾಗ ಇದ್ದೂ ಮಾತಾಡಾಕ ಆಗಂಗಿಲ್ಲ" ಅಂದರು. ತಣ್ಣಗಾದ ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿಯಲ್ಲಿ ಅದ್ದಿ, ಆತುರವಿಲ್ಲದೆ ತಿನ್ನುತ್ತಿದ್ದರು. ಒಂದು ದಿನ ಚಟ್ನಿಯನ್ನು ಕಾಗದದಲ್ಲಿ ಕಟ್ಟಿ ನನಗೂ ತಂದರು. ನಾನು ಚಿತ್ರಾನ್ನ ಮಾಡಿಟ್ಟಿದ್ದೆ. ಒಬ್ಬಳಿಗೇ ಎಂದು ಚಿತ್ರಾನ್ನ ಮಾಡಿ ಎಷ್ಟು ಕಾಲವಾಗಿತ್ತೋ. ಅವರು ಮೆಟ್ಟಿಲ ಮೇಲೆ, ನಾನು ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು. ನಡುವೆ ಬಾಗಿಲು ತೆಗೆದೇ ಇರುತ್ತಿತ್ತು. ಎದುರುಮನೆಯ ಆಂಟಿ ಮಹಡಿಯಲ್ಲಿ ಬಟ್ಟೆ ಒಣಗಿಸುವ ನೆಪದಲ್ಲಿ ನೋಡಿದರು. ನೋಡಲಿ ಬಿಡಿ ಅಂದುಕೊಂಡೆ. ಇದನ್ನು ಪ್ರೇಮ ಗೀಮ ಎಂದು ನೀವೂ ತಿಳಿಯಬೇಡಿ. ಬಾಯಲ್ಲಿ ಮಾತು, ಎದುರಿಗೆ ಒಂದು ಮುಖ, ಅಷ್ಟೇ. ಅಷ್ಟಕ್ಕೇ ನಾನು ಎಷ್ಟು ಬಾಯಿಬಿಟ್ಟು ಕಾಯುತ್ತಿದ್ದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿನ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಜಯನಗರ, ಜೆಪಿ ನಗರ, ಗಿರಿನಗರ, ಎಲ್ಲಾ ಓಣಿ ನಡದೀನ್ರೀ ಅಕ್ಕಾರ. ಯಾವ ಮನಿ ಮುಂದ ಎಷ್ಟು ಆಳಕ್ಕ ಏನೈತಿ ಅಂತ ಗೊತ್ತು. ಆದ್ರ ಆ ಮನ್ಯಾಗ ಯಾರದಾರಂತ ಗೊತ್ತಿಲ್ಲ. ಕೆಳಗ ನೋಡ್ಕೋತ ನಡಿಯೂ ಕೆಲಸ. ಕಿವ್ಯಾಗ ಬರೇ ಇದರ ಸಪ್ಪಳ. ಯಾರರ ಕರದ್ರೂ ಕೇಳಂಗಿಲ್ಲ."

ನಾನು ಅಂದೆ, "ನಾನೂ ಅಷ್ಟೇ. ಪುಸ್ತಕ ಪೂರ್ತಿ ಓದ್ತೀನಿ, ತಪ್ಪು ಮಾತ್ರ ನೋಡ್ತೀನಿ. ಏನು ಬರೆದಿದೆ ಅಂತ ಕೇಳಿದ್ರೆ ಹೇಳಕ್ಕಾಗಲ್ಲ."

ಅವರು ನಕ್ಕರು. ನನಗೂ ನಗು ಬಂತು. ನನ್ನ ನಗುವಿನ ಸದ್ದು ನನಗೇ ಹೊಸದಾಗಿ ಕೇಳಿಸಿತು.

ರಸ್ತೆಯ ಆ ಬದಿ ಮುಗಿಯಿತು. ಒಂಬತ್ತನೆಯ ದಿನ, ಊಟ ಮುಗಿಸಿ ಕೈತೊಳೆದು, ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ ಅವರು ತಗ್ಗಿದ ದನಿಯಲ್ಲಿ ಹೇಳಿದರು.

"ನಾಳೆ ಈ ಬಾಜೂ ಕೊರೀತೀವ್ರಿ. ಕಡೀ ಸಲ ಕೇಳ್ತೀನಿ ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಸಂಪ ಹೊರಗ ಬಂದಿದ್ರ ಹೇಳ್ರಿ. ನಾ ಎಲ್ಲೂ ಬರಿಯೂದಿಲ್ಲ. ಮೊನಿ ಇನ್ನೂ ಕೆಳಗ ಇಳಿಸಿ ಒಯ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ಆಗ ಹೇಳಬಹುದಿತ್ತು. ಒಂದು ಮಾತು. ಇಂಥ ಅವಕಾಶವನ್ನು ಯಾರಾದರೂ ತಾವಾಗಿ ಮನೆ ಮೆಟ್ಟಿಲಿಗೆ ತಂದುಕೊಡುತ್ತಾರೆಯೇ? ನಾನು ಯಾಕೆ ಹೇಳಲಿಲ್ಲ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಪಾಲಿಕೆಯವರು ಬಂದು ಸಂಪಿಗೆ ಮಣ್ಣು ತುಂಬಿಸಿಬಿಟ್ಟರೆ ನೀರಿಗೇನು ಗತಿ ಎಂಬ ಭಯ ಇತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮೊದಲ ದಿನವೇ ಒಳಗಿದೆ ಅಂದಿದ್ದೆ. ಈಗ ಹೊರಗಿದೆ ಅಂದರೆ ಒಂಬತ್ತು ದಿನ ನಾನು ಸುಳ್ಳು ಹೇಳಿಕೊಂಡೇ ಅವರ ಚಟ್ನಿ ತಿಂದ ಹಾಗಾಗುತ್ತಿತ್ತು. ಬಹಳ ದಿನಗಳ ಮೇಲೆ ಒಬ್ಬರು ನನ್ನನ್ನು ಒಳ್ಳೆಯವಳು ಎಂದು ತಿಳಿದಿದ್ದರು. ಅದನ್ನು ಕಳೆದುಕೊಳ್ಳುವ ಮನಸ್ಸಾಗಲಿಲ್ಲ.

"ಎಷ್ಟು ಸಲ ಹೇಳ್ಬೇಕ್ರೀ? ಒಳಗೇ ಇದೆ" ಅಂದೆ. ಸ್ವಲ್ಪ ಗದರಿಯೇ ಅಂದೆ.

"ಆತ್ರೀ ಅಕ್ಕಾರ. ನಿಮ್ಮ ಮಾತ ನಂಬೀನಿ" ಅಂದು ಅವರು ಟ್ರ್ಯಾಕರ್ ಎತ್ತಿಕೊಂಡು ಹೋದರು.

ಮರುದಿನ ಹನ್ನೆರಡೂವರೆಗೆ ಅವರು ನಮ್ಮ ಮನೆಯ ಮುಂದೆ ತಲೆ ತಗ್ಗಿಸಿ ನಡೆದುಹೋಗುವುದನ್ನು ಕಿಟಕಿಯಿಂದ ನೋಡಿದೆ. ಫುಟ್‌ಪಾತಿನ ಮೇಲೆ ಗೆರೆ ಎಳೆಯುತ್ತ ಹೋದರು. ಆ ಗೆರೆ ಅಪ್ಪನ ಸಂಪಿನ ನಡುಮಧ್ಯಕ್ಕೆ ಸರಿಯಾಗಿ ಬರುತ್ತಿತ್ತು. ಈಗಲಾದರೂ ಹೊರಗೆ ಓಡಿ, ನಿಲ್ಲಿಸಿ ಅನ್ನಬೇಕಿತ್ತು. ಎದ್ದು ನಿಂತೆ. ಕೊರೆಯುವ ಮೊನೆ ಹೇಗೋ ಕೆಳಗೆ ಹಾದುಹೋಗಬಹುದು ಎಂದುಕೊಂಡು ಮತ್ತೆ ಕೂತೆ. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯ ಗೋಡೆ ಸಣ್ಣಗೆ ನಡುಗಿತು, ಸ್ಟ್ಯಾಂಡಿನಲ್ಲಿದ್ದ ಲೋಟಗಳು ಗಲಗಲ ಅಂದವು. ಆಮೇಲೆ ಎಲ್ಲ ನಿಂತಿತು.

ಮೋಟರ್ ಹಾಕಿದೆ. ಗರಗರ ಎಂದು ಗಾಳಿ ಎಳೆಯಿತು. ಅಂಗಳದ ನಲ್ಲಿ ತಿರುಗಿಸಿದರೆ ಸಿಮೆಂಟಿನ ಬಣ್ಣದ ನೀರು ನಾಲ್ಕು ಹನಿ ಉದುರಿತು. ಸಂಪಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟೆ. ತುಂಬಿದ್ದ ಸಂಪಿನ ತಳದಲ್ಲಿ ಒಂದಿಷ್ಟು ಕೆಸರುನೀರು ಮಾತ್ರ ಮಿಕ್ಕಿತ್ತು. ಎರಡು ಬದಿಯ ಗೋಡೆಯಲ್ಲೂ ತಲೆ ತೂರುವಷ್ಟು ತೂತು. ಹಸಿರು ಟೈಲ್ಸು ಒಡೆದು ಬೂದುಗೆಸರು ಒಸರುತ್ತಿತ್ತು. ನನ್ನ ನೀರೆಲ್ಲ ಆ ಕೊರಕಲು ಹಿಡಿದು ಬೀದಿಯ ತುದಿಯ ಗುಂಡಿಗೆ ಹೋಗಿತ್ತು. ಮುಚ್ಚಳ ಮುಚ್ಚಿ, ಅದರ ಮೇಲೆ ತುಳಸಿ ಕುಂಡ ಎಳೆದಿಟ್ಟೆ.

ಹತ್ತೇ ನಿಮಿಷಕ್ಕೆ ಗೇಟಿನ ಚಿಲಕ ಬಡಿಯಿತು. ಕಂಪನಿಯ ಇಂಜಿನಿಯರ್, ಇಬ್ಬರು ಕೆಲಸದವರು, ಹಿಂದೆ ಟ್ರ್ಯಾಕರ್ ಹಿಡಿದ ಅವರು. ಅವರ ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು. ನೋಡಲು ಮೂಲೆಮನೆಯ ಯಜಮಾನರೂ ಬಂದಿದ್ದರು.

"ಮೇಡಂ, ಗುಂಡಿ ತುಂಬ ನೀರು ಬಂದ್ಬಿಟ್ಟಿದೆ. ಇವತ್ತು ಕಾವೇರಿ ನೀರಿನ ದಿನ ಅಲ್ಲ, ಮೇನ್ ಲೈನ್ ಒಡೆದಿದ್ಯಾ ಅಂತ ನೋಡಕ್ಕೂ ಆಗ್ತಿಲ್ಲ" ಅಂದ ಇಂಜಿನಿಯರ್. "ಯಾರದಾದ್ರೂ ಸಂಪ್‌ಗೆ ಬಿದ್ದಿರ್ಬೇಕು. ನಿಮ್ ಸಂಪ್ ಒಂದ್ಸಲ ತೆಗೆದು ತೋರಿಸ್ತೀರಾ?"

ಆಗ ನನ್ನ ಬಾಯಿಂದ ಬಂದ ಮಾತು ನನ್ನದೇ ಎಂದು ಇವತ್ತಿಗೂ ನಂಬಲು ಕಷ್ಟವಾಗುತ್ತದೆ.

"ಯಾಕ್ರೀ ತೋರಿಸ್ಬೇಕು? ಒಂಟಿ ಹೆಂಗಸು ಇರೋ ಮನೆಗೆ ಹೀಗೆ ನಾಲ್ಕು ಜನ ಗಂಡಸರು ನುಗ್ಗಿಬಿಡೋದಾ?"

ಒಂಟಿ ಎಂಬ ಪದವನ್ನು ಯಾರಾದರೂ ನನ್ನ ಮುಂದೆ ಆಡಿದರೆ ಉರಿದುಬೀಳುತ್ತಿದ್ದವಳು ನಾನು. ಅಂದು ಅದನ್ನೇ ದೊಣ್ಣೆಯಂತೆ ಎತ್ತಿದೆ. ಕೆಲಸವೂ ಆಯಿತು. ಮೂಲೆಮನೆಯವರು ತಕ್ಷಣ ಮುಂದೆ ಬಂದರು. ಅವರ ಸಂಪೂ ಹೊರಗಿತ್ತಲ್ಲ, ಒಂದು ಮುಚ್ಚಳ ತೆಗೆಸಿದರೆ ಎಲ್ಲರದ್ದೂ ತೆಗೆಸುತ್ತಾರೆ ಎಂದು ಅವರಿಗೆ ಗೊತ್ತಿತ್ತು. "ಅವ್ರು ಒಬ್ರೇ ಇರೋದು ಕಣ್ರೀ, ಸ್ವಲ್ಪ ಮರ್ಯಾದೆ ಇರ್ಲಿ. ನಿಮ್ ಮಾರ್ಕಿಂಗ್ ನೆಟ್ಟಗೆ ಮಾಡ್ಕೊಳಕ್ಕೆ ಬರಲ್ಲ, ಮನೆಯೋರ ಮೇಲೆ ಹಾಕ್ತೀರಾ?" ಎಂದು ದಬಾಯಿಸಿದರು.

ಇಂಜಿನಿಯರ್ ಟ್ರ್ಯಾಕರಿನವರ ಕಡೆ ತಿರುಗಿದ. ವಯಸ್ಸಿನಲ್ಲಿ ಎಷ್ಟೋ ಚಿಕ್ಕವನು, ಆದರೂ ಏಕವಚನ. "ಇವ್ರ ಹತ್ರ ಕೇಳಿದ್ಯೇನಪ್ಪ?"

"ಕೇಳೀನ್ರಿ ಸಾರ್."

"ಏನಂದ್ರು?"

ಅವರ ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಒಳಗೆ ಏನನ್ನೋ ಹಿಡಿದುಕೊಂಡಿದ್ದ ಹಾಗಿತ್ತು. ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೇಳ್ರಿ ಅಕ್ಕಾರ, ನೀವೇ ಹೇಳ್ರಿ ಎಂದು ಕಾಯುವ ಹಾಗಿತ್ತು ಆ ನೋಟ.

"ಒಳಗಿದೆ ಅಂತ ಹೇಳಿದ್ದೆ. ಒಳಗೇ ಇದೆ. ನಮ್ಮ ಸಂಪಿಗೆ ಏನೂ ಆಗಿಲ್ಲ" ಅಂದೆ.

ಅವರು ಕಣ್ಣು ತಗ್ಗಿಸಿ ಮೆಟ್ಟಿಲನ್ನು ನೋಡಿದರು. ಎಂಟು ದಿನ ತಾವು ಕೂತಿದ್ದ ಜಾಗವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಬರಿಗೈ ತೆಗೆದರು.

"ಹೌದ್ರಿ ಸಾರ್. ಅಕ್ಕಾರು ಹಂಗ ಹೇಳ್ಯಾರ. ಮೇನ್ ಲೈನಿಗೇ ಬಡದಿರಬೇಕ್ರಿ. ನಂದ ತಪ್ಪು."

ಕಾವೇರಿ ಪೈಪು ಒಡೆದದ್ದು ಎಂದರೆ ಸಣ್ಣ ವಿಷಯವಲ್ಲ. ಇಂಜಿನಿಯರ್ ಅಲ್ಲೇ, ರಸ್ತೆಯಲ್ಲೇ, ಎಲ್ಲರೆದುರು ಅವರನ್ನು ಬೈದ. ನಾಳೆಯಿಂದ ಬರಬೇಡ ಅಂದ. ಅವರು ಕಿವಿಯಿಂದ ಇಯರ್‌ಫೋನ್ ತೆಗೆದು, ಟ್ರ್ಯಾಕರಿಗೆ ನೀಟಾಗಿ ಸುತ್ತಿ, ಪಕ್ಕದಲ್ಲಿದ್ದ ಕೆಲಸದವನ ಕೈಗೆ ಕೊಟ್ಟರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಅವತ್ತು ಅವಲಕ್ಕಿ ನೆನೆಹಾಕಿದ್ದೆ, ಇಬ್ಬರಿಗೆ.

ಸಂಜೆ ಬಾಗಿಲು ಗುಡಿಸಲು ಹೊರಗೆ ಬಂದಾಗ ಮೆಟ್ಟಿಲ ಮೇಲೆ ಅದು ಕಾಣಿಸಿತು. ಅಂಗೈಯಗಲದ ಟೈಲ್ಸ್ ಚೂರು. ಕಡುಹಸಿರು, ಅರ್ಧ ಬಿಳಿ ಹೂವು. ಕೆಸರು ತೊಳೆದು, ಒರೆಸಿ ಇಟ್ಟಿದ್ದರು. ಅದೇ ಬಣ್ಣದ, ಅದೇ ಹೂವಿನ ಮೆಟ್ಟಿಲ ಮೇಲೆ.

ಗುಂಡಿಗೆ ಹರಿದುಬಂದ ಕೆಸರಿನಲ್ಲಿ ಅದು ಸಿಕ್ಕಿರಬೇಕು. ಎಂಟು ದಿನ ಆ ಮೆಟ್ಟಿಲ ಮೇಲೆ ಕೂತು ಉಂಡವರಿಗೆ ಅದು ಯಾರ ಮನೆಯದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಗೇಟಿನ ಮುಂದೆ ನಿಂತಾಗ ಅದು ಅವರ ಜೇಬಿನಲ್ಲೇ ಇತ್ತು. ಹೊರತೆಗೆದು ಒಂದು ಸಲ ತೋರಿಸಿದ್ದರೆ ಸಾಕಿತ್ತು, ಅವರ ಕೆಲಸ ಉಳಿಯುತ್ತಿತ್ತು. ತೆಗೆಯಲಿಲ್ಲ. ನಾನು ನನ್ನ ಮಾನ ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾಗ ಅದನ್ನು ಉಳಿಸಿದ್ದು ಅವರು. ನಾನು ಮೆಟ್ಟಿಲ ಮೇಲೆ ಕೂತು, ಆ ಚೂರನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಎದುರುಮನೆಯ ಆಂಟಿ ಮಹಡಿಯಿಂದ ನೋಡುತ್ತಿದ್ದರು. ಕೆಳಗಿಳಿದು ಬಂದು ಏನಾಯಿತು ಎಂದು ಕೇಳಬಹುದು ಅಂದುಕೊಂಡೆ. ಅವರು ಬಟ್ಟೆ ತೆಗೆದುಕೊಂಡು ಒಳಗೆ ಹೋದರು.

ಮರುದಿನ ನೀರು ಬಂತು. ನನ್ನ ಸಂಪಿನ ವಾಲ್ವ್ ಮುಚ್ಚಿಟ್ಟಿದ್ದೆ, ನೀರು ಎತ್ತಿಹಾಕಿದ್ದ ಗುಂಡಿ ಒಣಗಿಯೇ ಇತ್ತು. ಮೇನ್ ಲೈನಿಗೆ ಏನೂ ಆಗಿರಲಿಲ್ಲ. ನಾನು ಬೀದಿಯ ತುದಿಗೆ ಹೋಗಿ ಇಂಜಿನಿಯರನ್ನು ಕೇಳಿದೆ.

"ಲೈನ್ ಚೆನ್ನಾಗೇ ಇದೆಯಲ್ಲ. ಅವ್ರನ್ನ ವಾಪಸ್ ಕರೆಸ್ಕೋಬಹುದಲ್ವಾ?"

"ಅದೆಲ್ಲ ಮುಗಿದೋಯ್ತು ಮೇಡಂ. ಯಾವ್ದೋ ಹಳೇ ಚೇಂಬರ್ ನೀರಿರ್ಬೇಕು. ಬೇರೆಯೋರು ಬಂದಾಯ್ತು. ನಿಮಗ್ಯಾಕೆ ಅದು?"

ಬಾಯಿ ತೆರೆದೆ. ಅವನು ಕಾದ. "ಏನಿಲ್ಲ" ಅಂದು ವಾಪಸ್ ಬಂದೆ. ಈ ಒಂದು ಪದಕ್ಕೆ ನನ್ನ ಮೇಲೆ ನನಗಿರುವಷ್ಟು ಅಸಹ್ಯ ಬೇರೆ ಯಾವುದಕ್ಕೂ ಇಲ್ಲ. ಹಿಂದಿನ ದಿನದ್ದು ಗಾಬರಿಯಲ್ಲಿ ಆಡಿದ್ದು ಎನ್ನಬಹುದು. ಇದು ಗಾಬರಿಯಲ್ಲ, ರಾತ್ರಿಯೆಲ್ಲ ಯೋಚಿಸಿ ಹೇಳಲೆಂದೇ ಹೋಗಿ ನುಂಗಿಕೊಂಡದ್ದು.

ಅದೇ ಕೊರಕಲಿನಲ್ಲಿ ಪೈಪು ಎಳೆದು ಕಂಪನಿಯವರು ಹೋದ ಮೇಲೆ, ಸಂಪು ರಿಪೇರಿಗೆ ಬಂದ ಗಾರೆಯವನು ಒಳಗಿಳಿದು ಜೋರಾಗಿ ನಕ್ಕ. ಆ ಗೋಡೆಯಿಂದ ಈ ಗೋಡೆಗೆ, ಬಟ್ಟೆ ಒಣಗಿಸಲು ಕಟ್ಟಿದ ಗಳುವಿನಂತೆ, ಕಿತ್ತಳೆ ಪೈಪು ಹಾದುಹೋಗಿತ್ತು. "ಆಂಟಿ, ನಿಮ್ ಸಂಪೊಳಗೆ ಇಂಟರ್ನೆಟ್ ಓಡ್ತಾ ಐತೆ" ಅಂದ. ಪೈಪಿನ ಸುತ್ತ ಸಿಮೆಂಟು ಮೆತ್ತುತ್ತ, "ಈ ಬೀದಿಲೇ ಇದು ಮೂರನೇ ಮನೆ. ಯಾರೂ ಬಾಯಿ ಬಿಡಲ್ಲ, ನೀವೂ ಬಿಡ್ಬೇಡಿ" ಎಂದು ಬುದ್ಧಿ ಹೇಳಿದ. ಮೂಲೆಮನೆಯವರದೂ ಇರಬಹುದು. ನಾನು ಕೇಳಲಿಲ್ಲ. ನಮ್ಮಲ್ಲಿ ಹಾಗೆ ಕೇಳುವ ಪದ್ಧತಿ ಇಲ್ಲವಲ್ಲ. ಮೆಟ್ಟಿಲ ಮೇಲಿದ್ದ ಚೂರನ್ನು ನೋಡಿ, "ಇದನ್ನೂ ಅಂಟಿಸ್ಲಾ?" ಅಂದ. ಬೇಡ ಅಂದೆ. ಅದು ಈಗ ನನ್ನ ಮೇಜಿನ ಮೇಲಿದೆ. ಕರಡಿನ ಹಾಳೆ ಹಾರದಂತೆ ಅದನ್ನೇ ಇಡುತ್ತೇನೆ.

ಎರಡು ತಿಂಗಳ ಮೇಲೆ ನಾಚಿಕೆ ಬಿಟ್ಟು ವಾರ್ಡ್ ಆಫೀಸಿಗೆ ಹೋದೆ. ಕಿಟಕಿಯ ಹಿಂದಿದ್ದ ಗುಮಾಸ್ತರಿಗೆ, ನನ್ನ ಸಂಪು ರಸ್ತೆಯಲ್ಲಿದೆ, ನಾನು ಸುಳ್ಳು ಹೇಳಿದ್ದರಿಂದ ಒಬ್ಬರ ಕೆಲಸ ಹೋಯಿತು, ಇದನ್ನು ಬರೆದುಕೊಳ್ಳಿ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಮೇಡಂ, ಯಾರಾದ್ರೂ ಕಂಪ್ಲೇಂಟ್ ಮಾಡಿದಾರಾ?" ಇಲ್ಲ ಅಂದೆ. "ಮತ್ಯಾಕೆ ತಲೆ ಕೆಡಿಸ್ಕೋತೀರಾ? ನಿಮ್ದೊಂದ್ ಬರ್ಕೊಂಡ್ರೆ ಇಡೀ ಬನಶಂಕರಿ ಬರ್ಕೋಬೇಕಾಗುತ್ತೆ. ಹೋಗ್ ಬನ್ನಿ, ಬಿಸಿಲಿದೆ." ಒಂದು ತಕರಾರನ್ನು ಇಡೀ ಬೀದಿಯ ಪರವಾಗಿ ಬರೆದಾಗ ಮುದ್ರೆ ಒತ್ತಿ ತೆಗೆದುಕೊಂಡವರು ಇವರೇ. ನಿಜವನ್ನು ತೆಗೆದುಕೊಳ್ಳಲು ಅವರಲ್ಲಿ ಫಾರಂ ಇರಲಿಲ್ಲ.

ಕೆಲಸ ಕಳೆದುಕೊಂಡವರನ್ನು ಹುಡುಕಿದೆ. ಬಸ್ಸಿನಲ್ಲಿ ಹೋಗುವಾಗ ಎಲ್ಲಾದರೂ ಕಿತ್ತಳೆ ಪೈಪಿನ ಸುರುಳಿ ಕಂಡರೆ ಇಳಿದುಬಿಡುತ್ತಿದ್ದೆ. ಕೋಣನಕುಂಟೆಯಲ್ಲಿ ಇಳಿದಿದ್ದೇನೆ, ವಸಂತಪುರದಲ್ಲಿ ಇಳಿದಿದ್ದೇನೆ, ಬಿಟಿಎಂನಲ್ಲಂತೂ ಅಡ್ಡರಸ್ತೆ ಅಡ್ಡರಸ್ತೆ ತಿರುಗಿದ್ದೇನೆ. "ಬಾದಾಮಿ ಕಡೆಯವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿರ್ತಾರೆ, ಟ್ರ್ಯಾಕರ್ ಹಿಡೀತಿದ್ರು" ಎನ್ನುತ್ತಿದ್ದೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಹೆಸರೇನು ಮೇಡಂ?"

ನಾನು ಹೆಸರು ಕೇಳಿರಲಿಲ್ಲ. ಅವರು ಅಕ್ಕಾರ ಅನ್ನುತ್ತಿದ್ದರು, ನಾನು 'ನೋಡಿ' ಅನ್ನುತ್ತಿದ್ದೆ, ಅಷ್ಟರಲ್ಲೇ ಮಾತು ಸಾಗುತ್ತಿತ್ತು. ಒಂಬತ್ತು ದಿನ ನನ್ನ ಊಟ ಆಯಿತೇ ಎಂದು ವಿಚಾರಿಸಿದ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ.

ಕಳೆದ ತಿಂಗಳು ನಮ್ಮ ಬೀದಿಗೆ ಇನ್ನೊಂದು ಕಂಪನಿಯ ಯಂತ್ರ ಬಂತು. ಈ ಸಲ ಯಾರೂ ಅರ್ಜಿ ಬರೆಸಲು ಬರಲಿಲ್ಲ. ಟ್ರ್ಯಾಕರ್ ಹಿಡಿದವರು ದಪ್ಪ ಮೀಸೆಯ ಗಂಡಸು, ಇಲ್ಲಿನವರೇ. ಅವರು ನಮ್ಮ ಗೇಟಿಗೆ ಬಂದು ಕೇಳುತ್ತಾರೆ ಎಂದು ಎರಡು ದಿನ ಕಾದೆ. ಬರಲಿಲ್ಲ. ಮೂರನೆಯ ದಿನ ರಂಗೋಲಿ ಹಿಟ್ಟಿನ ಡಬ್ಬಿ ಹಿಡಿದು ನಾನೇ ಹೊರಗೆ ಹೋದೆ. ಹಾಡಹಗಲಲ್ಲಿ, ಮೂಲೆಮನೆಯವರು ವರಾಂಡದಲ್ಲಿ ಪೇಪರ್ ಓದುತ್ತಿದ್ದಂತೆ, ಫುಟ್‌ಪಾತಿನ ಮೇಲೆ ಬಗ್ಗಿ, ಗೇಟಿನಿಂದ ರಸ್ತೆಯ ಡಾಂಬರಿನವರೆಗೆ ಅಪ್ಪನ ಸಂಪಿನ ಉದ್ದಗಲಕ್ಕೆ ಸರಿಯಾಗಿ ಬಿಳಿ ಗೆರೆ ಎಳೆದೆ. ಮೂಲೆಮನೆಯವರು ಪೇಪರ್ ಕೆಳಗಿಳಿಸಿ, "ಮೇಡಂ, ಏನ್ ಮಾಡ್ತಿದೀರ?" ಅಂದರು. ನಾನು ನಾಲ್ಕನೆಯ ಗೆರೆ ಮುಗಿಸಿ ಸೊಂಟ ಹಿಡಿದುಕೊಂಡು ಎದ್ದೆ. ಮೀಸೆಯವರನ್ನು ಕರೆದೆ.

"ನೋಡ್ರೀ, ಇದು ನಮ್ಮ ಸಂಪು. ಹೊರಗಿದೆ. ಬರ್ಕೊಳ್ಳಿ."

ಅವರು ಗೆರೆ ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಹಳೆಯ ನಕ್ಷೆ ಬಿಡಿಸಿದರು.

"ಬೇಕಾಗಿಲ್ಲ ಮೇಡಂ. ಹೋದ್ಸಲ ಹಾಕಿದೋರ ಡ್ರಾಯಿಂಗ್‌ನಲ್ಲಿ ನಿಮ್ಮನೆ ಮುಂದೆ ಮೇನ್ ಲೈನ್ ಇದೆ, ಅಗೀಬೇಡಿ ಅಂತ ಬರೆದಿದಾರೆ. ಅದಕ್ಕೇ ನಾವು ಈ ಕಡೆ ಬರೋದೇ ಇಲ್ಲ. ಏನಿದ್ರೂ ಆ ಕಡೆ."

"ಅಲ್ಲಿ ಮೇನ್ ಲೈನ್ ಇಲ್ಲ ಕಣ್ರೀ. ಅದು ತಪ್ಪು."

"ಇರ್ಲಿ ಬಿಡಿ ಮೇಡಂ. ಡ್ರಾಯಿಂಗ್ ಹೆಂಗಿದ್ಯೋ ಹಂಗೆ ಹೋಗೋದು ನಮ್ ಕೆಲಸ."

ಲೈನ್ ಒಡೆಯಿತೆಂದುಕೊಂಡ ದಿನವೇ ಅದನ್ನು ಬರೆದಿಟ್ಟಿರಬೇಕು. ಜೀವಮಾನವೆಲ್ಲ ಬೇರೆಯವರ ಹಾಳೆಯ ತಪ್ಪು ತಿದ್ದಿದವಳ ಸುಳ್ಳು, ಯಾರೂ ತಿದ್ದದ ಹಾಗೆ, ನಕ್ಷೆಯಲ್ಲಿ ಕೂತಿತ್ತು. ಇನ್ನು ಎಷ್ಟು ಕಂಪನಿಗಳು ಬಂದರೂ ನನ್ನ ಸಂಪಿಗೆ ಭಯವಿಲ್ಲ. ಯಾರೂ ಬಂದು ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುವುದೂ ಇಲ್ಲ.

ಒಂದೂಕಾಲಿಗೆ ಅವರೆಲ್ಲ ಎದುರುಮನೆಯ ಕಾಂಪೌಂಡಿನ ನೆರಳಲ್ಲಿ ಡಬ್ಬಿ ಬಿಚ್ಚಲು ಅಣಿಯಾಗುತ್ತಿದ್ದರು. ಮೀಸೆಯವರು ಮಾತ್ರ ಇನ್ನೂ ಟ್ರ್ಯಾಕರ್ ಹಿಡಿದು, ತಲೆ ತಗ್ಗಿಸಿ, ಆ ಬದಿಯಲ್ಲಿ ನಡೆಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡು, "ಊಟ ಆಯ್ತೇನ್ರೀ?" ಎಂದು ಕೂಗಿದೆ.

ಅವರ ಕಿವಿಯಲ್ಲಿ ಇಯರ್‌ಫೋನ್ ಇತ್ತು. ತಿರುಗಿ ನೋಡಲಿಲ್ಲ.